ಬಣ್ಣ ಬೇಡದ ಬೆಳಕು

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೊರಟ ಬೆಳಗಿನ ಬಸ್ಸಿನಲ್ಲಿ, ಸೆರಗಿನ ತುದಿಯನ್ನು ಕೆನ್ನೆಗೊತ್ತಿಕೊಂಡು ಕುಳಿತ ಮುದುಕಿಯೊಬ್ಬಳನ್ನು ವಾಚಕರು ಊಹಿಸಿಕೊಳ್ಳಲಿ. ಮೂವತ್ತು ವರ್ಷಗಳಿಂದ ಎಲೆ, ಅಡಿಕೆ, ಹೊಗೆಸೊಪ್ಪು ಆಕೆಯ ಸಂಗಾತಿಗಳು. ಕೆನ್ನೆಯ ಒಳಗೊಂದು ಬಿಳಿಯ ಮಚ್ಚೆ ಎದ್ದು ತಿಂಗಳುಗಳಾದವು. ಜಿಲ್ಲೆಯ ದೊಡ್ಡಾಸ್ಪತ್ರೆಯಲ್ಲಿ ವೈದ್ಯರು ನೋಡಿ, “ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕವ್ವ” ಎನ್ನುತ್ತಾರೆ. “ಕುಯ್ದ್ರೆ ಹರಡ್ಕತದಂತಲ್ಲ ಸಾಮಿ?” ಎಂದು ಆಕೆ ನಡುಗುತ್ತಾಳೆ. ಈ ಮಾತು ಹುಟ್ಟಿದ್ದು ಊರ ಜಗುಲಿಯ ಮೇಲೆ. ಬಾಯಿಯ ಪರೀಕ್ಷೆಯ ಮಟ್ಟಿಗೆ ಅದಕ್ಕೆ ಆಧಾರವಿಲ್ಲ. ಆದರೂ ಅದನ್ನು ನಂಬಿ ಆಕೆ ಮರಳಿ ಬಸ್ಸು ಹತ್ತಿಬಿಟ್ಟರೆ, ಆರು ತಿಂಗಳ ಅನಂತರ ಬರುವ ರೋಗವೇ ಬೇರೆ.

ಕುಯ್ಯುವುದಾದರೂ ಏಕೆ? ಜೀವಕೋಶಗಳಿಗೆ ಹೆಚ್ಚುಕಡಿಮೆ ಬಣ್ಣವೇ ಇಲ್ಲ. ಆದುದರಿಂದ ತೆಗೆದ ಚೂರನ್ನು ಫಾರ್ಮಲಿನ್ನಿನಲ್ಲಿಟ್ಟು, ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ 200ನೆಯ ಒಂದು ಭಾಗದಷ್ಟು ತೆಳ್ಳಗೆ ಸೀಳಿ, ಬಣ್ಣ ಕಟ್ಟಿದ ಮೇಲೆಯೇ ಸೂಕ್ಷ್ಮದರ್ಶಕಕ್ಕೆ ಏನಾದರೂ ಕಾಣುವುದು. ಇಷ್ಟೆಲ್ಲ ಮುಗಿದು ವರದಿ ಕೈಸೇರಲು ದಿನಗಳು ಹಿಡಿಯುತ್ತವೆ.

ಬಣ್ಣ ಹಾಕದೆ ನೋಡುವ ದಾರಿಯೊಂದರ ಮೊದಲ ಸುದ್ದಿ ಲೋಕಕ್ಕೆ ವಿಸ್ತಾರವಾಗಿ ತಿಳಿದದ್ದು ನಮ್ಮ ಬೆಂಗಳೂರಿನಲ್ಲಿಯೇ. ಕಲ್ಕತ್ತೆಯಲ್ಲಿ ತಾವು ಕಂಡುಕೊಂಡ ಹೊಸ ವಿಕಿರಣವನ್ನು ಸಿ. ವಿ. ರಾಮನ್ 1928ರ ಮಾರ್ಚ್ 16ರಂದು ಇಲ್ಲಿಯ ವಿಜ್ಞಾನ ಸಭೆಯಲ್ಲಿ ವಿವರಿಸಿದರು. ವಸ್ತುವಿಗೆ ತಗುಲಿ ಚದರಿದ ಬೆಳಕಿನಲ್ಲಿ ಅತ್ಯಲ್ಪ ಭಾಗ ತನ್ನ ವರ್ಣವನ್ನು ಕೊಂಚ ಬದಲಿಸಿಕೊಂಡು ಬರುತ್ತದೆ. ಆ ಬದಲಾವಣೆ ಕೊಬ್ಬಿಗೊಂದು ಬಗೆ, ಪ್ರೋಟೀನಿಗೆ ಇನ್ನೊಂದು ಬಗೆ. ಮಣಿಪಾಲದ ಸಂಶೋಧಕರು 2004ರಲ್ಲಿ ಬಾಯಿಯ ಅಂಗಾಂಶಗಳನ್ನು ಹೀಗೆ ಪರೀಕ್ಷಿಸಿದಾಗ, ಆರೋಗ್ಯದ ಪದರದಲ್ಲಿ ಕೊಬ್ಬಿನ ಗುರುತೂ ಗಂತಿಯಲ್ಲಿ ಪ್ರೋಟೀನಿನ ಗುರುತೂ ಎದ್ದು ಕಂಡವು.

ಅವು ದೇಹದಿಂದ ತೆಗೆದ ಚೂರುಗಳು. ದೇಹದೊಳಗೇ ಆ ಬೆಳಕನ್ನು ಕೊಂಡೊಯ್ಯಲು ಗಾಜಿನ ಎಳೆ ಬೇಕು. ಬಾಗುವ ಎಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಬಹುದೆಂದು ಪಂಜಾಬಿನ ನರಿಂದರ್ ಸಿಂಗ್ ಕಪಾನಿ, ಲಂಡನ್ನಿನ ಹಾಪ್‌ಕಿನ್ಸರೊಡನೆ 1954ರಲ್ಲಿ ತೋರಿಸಿದರು. 1957ರಲ್ಲಿ ವೈದ್ಯ ಹರ್ಷೋವಿಟ್ಜ್ ಅಂಥ ನಳಿಕೆಯನ್ನು ಮೊದಲು ತಮ್ಮ ಗಂಟಲಿಗೇ ಇಳಿಸಿಕೊಂಡರು. (ರೋಗಿಗೆ ಹೇಳುವ ಮುನ್ನ ತಾನು ನುಂಗಿದ ವೈದ್ಯ!) ಈಗ ಸುಮಾರು 2 ಮಿಲಿಮೀಟರು ದಪ್ಪದ ರಾಮನ್ ಶೋಧಕವು ಎಂಡೋಸ್ಕೋಪಿನ ಕಿರುದಾರಿಯಲ್ಲಿ ನುಸುಳಬಲ್ಲುದು, ಸಿಂಗಪುರದಲ್ಲಿ ಅದರಿಂದ ಜಠರವನ್ನು ಪರೀಕ್ಷಿಸಿದ್ದಾರೆ.

ತೊಡಕು ವಿಚಿತ್ರವಾದುದು. ಬೆಳಕು ಹೊತ್ತ ಗಾಜೂ ಒಂದು ವಸ್ತುವಷ್ಟೆ. ಅದೂ ತನ್ನದೇ ರಾಮನ್ ಬೆಳಕನ್ನು ಸೂಸಿ, ಅಂಗಾಂಶದ ಪಿಸುಮಾತನ್ನು ಮುಚ್ಚಿಹಾಕುತ್ತದೆ. ಅದಕ್ಕಾಗಿ ಬೆಳಕು ಕಳಿಸಲು ಒಂದು ಎಳೆ, ಮರಳಿ ತರಲು ಬೇರೆ ಎಳೆಗಳು, ತುದಿಯಲ್ಲಿ ಸಾಸಿವೆಗಿಂತ ಕಿರಿದಾದ ಸೋಸುಗಾಜುಗಳು. ಬೆಲೆ ಏರುವುದು ಇಲ್ಲಿಯೇ. ಸಾಲದ್ದಕ್ಕೆ ಈ ಬೆಳಕಿಗೆ ಮೇಲ್ಪದರದಾಚೆ ಬಹುದೂರ ಕಾಣದು.

ಹೀಗಾಗಿ ಕತ್ತರಿಯ ಕೆಲಸ ಇನ್ನೂ ತಪ್ಪಿಲ್ಲ. ಎಲ್ಲಿ ಕತ್ತರಿಸಬೇಕೆಂದು ತೋರಿಸುವುದು, ಅನಾವಶ್ಯಕವಾದ ಗಾಯವನ್ನು ತಪ್ಪಿಸುವುದು, ಇಷ್ಟನ್ನೇ ಸಂಶೋಧಕರು ಸದ್ಯಕ್ಕೆ ಅದರಿಂದ ನಿರೀಕ್ಷಿಸುತ್ತಿರುವುದು. ಮುದುಕಿ ಆ ಚೂರನ್ನು ಇಂದೇ ಕೊಡಬೇಕು. ಮಧ್ಯಾಹ್ನದ ಬಸ್ಸಿಗೆ ಆಕೆ ಗುಂಡ್ಲುಪೇಟೆಗೆ ಮರಳಬಹುದು.