ಮೊದಲು ಲೆಕ್ಕ, ಆಮೇಲೆ ಬ್ಯಾಟರಿ



ಕರೆಂಟಿನ ಕಂಬ ಮುಟ್ಟದ, ಮುಟ್ಟಿದರೂ ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ದಿನಗಟ್ಟಲೆ ಕತ್ತಲಲ್ಲಿರುವ ತೋಟದ ಮನೆಗಳು ನಮ್ಮಲ್ಲಿ ಇಂದಿಗೂ ಇವೆ. ಇಂತಹ ಮನೆಗಳಿಗೆ ಒಂದು ಸೋಲಾರ್ ಪ್ಯಾನಲ್, ಒಂದು ಬ್ಯಾಟರಿ, ನಾಲ್ಕು ದೀಪ ಬಂದು ಬಹಳ ಕಾಲವಾಯಿತು. 1995ರಲ್ಲಿ ಸೆಲ್ಕೋ ಸಂಸ್ಥೆಯನ್ನು ಕಟ್ಟಿ, ಬ್ಯಾಂಕ್ ಸಾಲದ ಮೂಲಕ ಹಳ್ಳಿಮನೆಗಳಿಗೆ ಸೌರದೀಪ ತಲುಪಿಸಿದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಎಲ್ಲರಿಗೂ ತಿಳಿದ ವಿಷಯ.

ಈಗಿನ ಪ್ರಶ್ನೆ ಬೇರೆ. ನಾಲ್ಕು ದೀಪ ಸಾಲದು; ಮನೆಗೆ ಫ್ಯಾನ್, ಟಿ.ವಿ., ಮಕ್ಕಳ ಓದಿಗೆ ವೈಫೈ ಬೇಕಾಗಿವೆ. ಇರುವ ಘಟಕವನ್ನು ದೊಡ್ಡದು ಮಾಡುವುದು ಹೇಗೆ? ಈ ವಿಷಯದಲ್ಲಿ ನಮ್ಮಲ್ಲಿ ಅನೇಕರು ತಪ್ಪು ದಾರಿ ಹಿಡಿಯುತ್ತಿದ್ದೇವೆ. ಹಾಗೆ ತಪ್ಪಿದವರಲ್ಲಿ ನಾನೂ ಒಬ್ಬನಾದ್ದರಿಂದ ಈ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇನೆ.

ನಮ್ಮ ಮನೆಯಲ್ಲಿದ್ದದ್ದು 75 ವ್ಯಾಟಿನ ಒಂದು ಪ್ಯಾನಲ್, 100 ಆಂಪಿಯರ್-ಅವರ್‌ನ ಒಂದು ಬ್ಯಾಟರಿ. ಫ್ಯಾನ್, ಟಿ.ವಿ. ಸೇರಿದ ಮೇಲೆ ರಾತ್ರಿ ಎಂಟಕ್ಕೇ ದೀಪ ಮಂಕಾಗತೊಡಗಿತು. ಪೇಟೆಯಲ್ಲಿ ವಿಚಾರಿಸಿದಾಗ, "ಇನ್ನೊಂದು ಬ್ಯಾಟರಿ ಜೋಡಿಸಿ, ಸರಿಹೋಗುತ್ತದೆ" ಎಂದರು. ಹಳೆಯ ಬ್ಯಾಟರಿಯ ಪಕ್ಕಕ್ಕೆ ಹೊಸದನ್ನು ಜೋಡಿಸಿದೆವು. ಬೇಸಗೆ ಹೇಗೋ ಕಳೆಯಿತು. ಜುಲೈ ತಿಂಗಳ ಎರಡನೇ ವಾರ, ಹೊರಗೆ ಧೋ ಎಂದು ಮಳೆ, ಮನೆಯಲ್ಲಿ ಜ್ವರದಿಂದ ಮಲಗಿದ ವೃದ್ಧ ತಾಯಿ. ಎರಡು ಬ್ಯಾಟರಿ ಇದ್ದೂ ಮೋಂಬತ್ತಿ ಹಚ್ಚಿ ಕೂರಬೇಕಾಯಿತು. ಮರುವರ್ಷದ ಹೊತ್ತಿಗೆ ಹೊಸ ಬ್ಯಾಟರಿಯೂ ಹಳೆಯದರ ಗತಿಗೆ ಬಂತು.

ಕಾರಣ ಹೊಳೆದದ್ದು ದೂರದ ಧುಪದಾಳದಲ್ಲಿ. ನನ್ನ ಮಗಳನ್ನು ಗೋಕಾಕ ಸೀಮೆಯ ಆ ಊರಿಗೆ ಕೊಟ್ಟಿದ್ದೇವೆ. ಬೀಗರದು ಕಬ್ಬಿನ ಬೆಳೆ, ವಾಸ ತೋಟದ ಮನೆಯಲ್ಲಿ. ಗೋಕಾಕ ಜಲಪಾತದ ನೀರಿನಿಂದ ಬಹಳ ಹಿಂದೆಯೇ ವಿದ್ಯುತ್ ತೆಗೆದ ಸೀಮೆಯಾದರೂ ಅವರ ತೋಟದ ಮನೆಗೆ ರಾತ್ರಿ ಕರೆಂಟಿನ ಭರವಸೆಯಿಲ್ಲ. ಅವರೂ ಸೋಲಾರ್ ನಂಬಿದವರೇ. ಅವರು ಬ್ಯಾಟರಿ ಹೆಚ್ಚಿಸಿದ್ದರು, ಚೆನ್ನಾಗಿಯೇ ನಡೆಯುತ್ತಿತ್ತು. ನಮಗೇಕೆ ಹೀಗಾಯಿತೆಂದು ಕೇಳಿದೆ.

"ಬೀಗರ, ನಮ್ಮಲ್ಲಿ ಬಿಸಿಲಿಗೇನ ಬರಾ ಇಲ್ಲರಿ. ಮಧ್ಯಾಹ್ನಕ್ಕ ಬ್ಯಾಟರಿ ತುಂಬತಿತ್ತು, ಆಮ್ಯಾಲಿನ ಬಿಸಿಲು ಸುಮ್ನ ಹೋಗತಿತ್ತು. ಅದಕ್ಕ ಹಳೇದು ತಗದು ದೊಡ್ಡದು ಇಟ್ಟೀವಿ. ನಿಮ್ಮಲ್ಲಿ ಇದ್ದ ಕೊಡಾನ ತುಂಬವಲ್ದು, ಮತ್ತೊಂದು ಕೊಡಾ ಯಾಕ ತಂದ್ರಿ?" ಎಂದರು.

ಸಂಜೆ ಘಟಪ್ರಭೆಯ ಒಡ್ಡು ತೋರಿಸಲು ಕರೆದೊಯ್ದರು. ಬ್ರಿಟಿಷರ ಕಾಲದಲ್ಲಿ ಕಟ್ಟಿದ ಆ ಒಡ್ಡಿನ ಕೆಲಸ ಹೊಳೆಯ ನೀರನ್ನು ಕಾಲುವೆಗೆ ತಿರುಗಿಸುವುದು. ಮುಂದೆ ಕಾಲುವೆಯನ್ನು ಬೆಳೆಸುವಾಗ, ಪಶ್ಚಿಮ ಘಟ್ಟದ ಮಳೆಯಿಂದ ಬರುವ ಪ್ರವಾಹವನ್ನು ಹಿಡಿದಿಡಲು ಮೇಲ್ಗಡೆ ಹಿಡಕಲ್ ಜಲಾಶಯ ಕಟ್ಟಿದರು. ಬರುವ ನೀರು, ಹಿಡಿದಿಡುವ ಜಾಗ, ಹರಿಸಬೇಕಾದ ಹೊಲ, ಈ ಮೂರನ್ನೂ ಕೂಡಿಸಿ ಲೆಕ್ಕ ಹಾಕಿದ ಕೆಲಸ ಅದು. ಪ್ಯಾನಲ್, ಬ್ಯಾಟರಿ, ಮನೆಯ ಖರ್ಚು, ಇವಕ್ಕೂ ಲೆಕ್ಕ ಅದೇ.

ಊರಿಗೆ ಮರಳಿ ನಾನು ಮಾಡಿದ ಲೆಕ್ಕವಿದು. 7 ವ್ಯಾಟಿನ ನಾಲ್ಕು ದೀಪ ಐದು ಗಂಟೆ ಉರಿದರೆ 140 ವ್ಯಾಟ್-ಅವರ್. 40 ವ್ಯಾಟಿನ ಟಿ.ವಿ. ಮೂರು ಗಂಟೆಗೆ 120. ಕಡಿಮೆ ಕರೆಂಟಿನ 25 ವ್ಯಾಟಿನ ಫ್ಯಾನ್ ಎಂಟು ಗಂಟೆಗೆ 200. ಗೋಡೆಯ ಮೇಲಿನ ವೈಫೈ ಪೆಟ್ಟಿಗೆ ಬರೇ 10 ವ್ಯಾಟ್. ಆದರೆ ಹಗಲಿರುಳು ಇಟ್ಟರೆ 240! ನಾಲ್ಕು ದೀಪಕ್ಕಿಂತ ಅದರ ಖರ್ಚೇ ಹೆಚ್ಚು. ಒಟ್ಟು 700. ನಮ್ಮ 75 ವ್ಯಾಟಿನ ಪ್ಯಾನಲ್ ಒಳ್ಳೆಯ ಬಿಸಿಲಿನಲ್ಲೂ, ನಷ್ಟ ಕಳೆದು ಕೊಡುವುದು 240ರ ಆಸುಪಾಸು. ಅಂದರೆ ಕೊರತೆ ಇದ್ದದ್ದು ಆದಾಯದಲ್ಲಿ, ತಿಜೋರಿಯಲ್ಲಿ ಅಲ್ಲ.

700 ಬೇಕಾದರೆ ಸುಮಾರು 230 ವ್ಯಾಟಿನ ಪ್ಯಾನಲ್ ಬೇಕು. ಅದೂ ಬೇಸಗೆಗೆ. ಮರಗಳ ನಡುವಿನ ನಮ್ಮ ಮನೆಗಳಲ್ಲಿ ಜಡಿಮಳೆಯ ದಿನ ಅದರ ಮೂರನೇ ಒಂದು ಪಾಲು ಸಿಕ್ಕರೆ ಪುಣ್ಯ. ಆಗ ಫ್ಯಾನ್, ಟಿ.ವಿ. ಬಿಟ್ಟು, ವೈಫೈಯನ್ನು ಹತ್ತು ಗಂಟೆಗೆ ಇಳಿಸಿದರೆ ಖರ್ಚು 240ಕ್ಕೆ ಬರುತ್ತದೆ. ಅದೇ ಪ್ಯಾನಲ್ ಅದನ್ನು ತೂಗಿಸುತ್ತದೆ. ನಾವು ಲೆಕ್ಕ ಹಾಕಬೇಕಾದ್ದು ಮಾರ್ಚ್ ತಿಂಗಳಿಗಲ್ಲ, ಜುಲೈಗೆ.

ಇನ್ನು ಕೆಲವು ಸಂಗತಿಗಳು. ಸಿಲ್ವರ್ ಮರದ ಕೊಂಬೆಯ ಅಥವಾ ಅಡಿಕೆ ಸೋಗೆಯ ನೆರಳು ಪ್ಯಾನಲಿನ ಒಂದು ಮೂಲೆಗೆ ಬಿದ್ದರೂ ಉತ್ಪತ್ತಿ ಬಹಳ ಇಳಿಯುತ್ತದೆ. ಹೊಸ ಪ್ಯಾನಲ್ ಕೊಳ್ಳುವ ಮೊದಲು ಕೊಂಬೆ ಕಡಿಸಿ ನೋಡುವುದು ಲೇಸು. ಪ್ಯಾನಲ್ ಹೆಚ್ಚಿಸಿದರೆ 10 ಆಂಪಿಯರಿನ ಕಂಟ್ರೋಲರ್ ಸಾಲದು, 20 ಆಂಪಿಯರಿನದು ಬೇಕು; ತಂತಿಯೂ ದಪ್ಪವಿರಬೇಕು. ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಡಿಸ್ಟಿಲ್ಡ್ ವಾಟರ್ ಮರೆಯಬಾರದು, ಹಳೆಯದಕ್ಕೆ ಹೊಸದನ್ನು ಜೊತೆಮಾಡಬಾರದು. ಅರೆಹೊಟ್ಟೆಯಲ್ಲೇ ಉಳಿದ ಬ್ಯಾಟರಿಯ ಪ್ಲೇಟುಗಳು ಗಟ್ಟಿಕಟ್ಟಿ ಸಾಯುತ್ತವೆ. ಲಿಥಿಯಂ ಬ್ಯಾಟರಿ ಹೆಚ್ಚು ಬಾಳುತ್ತದೆ, ನಿಜ; ಆದರೆ ಅದಕ್ಕೆ ತಕ್ಕ ಕಂಟ್ರೋಲರ್ ಬೇಕು, ಮತ್ತು ಬಿಸಿಲಿಲ್ಲದೆ ಅದೂ ತುಂಬದು.

2024ರಲ್ಲಿ ಬಂದ ಪಿ.ಎಂ. ಸೂರ್ಯಘರ್ ಯೋಜನೆಯ ಸಹಾಯಧನ ಮುಖ್ಯವಾಗಿ ಲೈನಿಗೆ ಜೋಡಿಸುವ ಘಟಕಗಳಿಗೆ. ಲೈನಿಲ್ಲದ ನಮಗೆ ಹೋಗುವುದು ಕೈಯ ಹಣ ಅಥವಾ ಸಂಘದ ಸಾಲ. ಆದ್ದರಿಂದ ಆಡಳಿತ ಮಂಡಳಿಗೆ ನನ್ನದೊಂದು ವಿನಂತಿ. ಸೋಲಾರ್‌ಗೆ ಸಾಲ ಮಂಜೂರು ಮಾಡುವ ಮುನ್ನ ಮನೆಯ ಖರ್ಚಿನ ಲೆಕ್ಕದ ಒಂದು ಹಾಳೆಯನ್ನು ಕಡ್ಡಾಯ ಮಾಡಲಿ. ಸಂಘದ ಮಳಿಗೆಯಲ್ಲಿ ಒಂದು ಹೈಡ್ರೋಮೀಟರ್, ಒಂದು ಕರೆಂಟ್ ಅಳೆಯುವ ಮೀಟರ್ ಇರಲಿ. ನಮ್ಮ ಹುಡುಗರಲ್ಲೊಬ್ಬನಿಗೆ ತರಬೇತಿ ಕೊಡಿಸಲಿ. ಔಷಧಿ ಹೊಡೆಯುವ ಪಂಪನ್ನು ಬಾಡಿಗೆಗೆ ಕೊಡುವ ಸಂಘಕ್ಕೆ ಇದು ಭಾರವಾಗದು.

ಹೆಚ್ಚು ಮಾರುವುದು ಅಂಗಡಿಯವರ ಕೆಲಸ. ಬೇಕಾದಷ್ಟನ್ನೇ ಕೊಳ್ಳುವಂತೆ ಮಾಡುವುದು ಸಹಕಾರ ಸಂಘದ ಕೆಲಸ. ಮುಂದಿನ ಮುಂಗಾರಿಗೆ ಮೊದಲೇ ಈ ಬಗ್ಗೆ ಮಹಾಸಭೆಯಲ್ಲಿ ಚರ್ಚೆಯಾಗಲಿ ಎಂದು ಕೋರುತ್ತೇನೆ.

— ಒಬ್ಬ ಸದಸ್ಯ ಬೆಳೆಗಾರ