ದಿನಕ್ಕೊಂದೇ ಫೋಟೋ

ಫೋನ್ ತುಂಬಾ ಫೋಟೋ ಇಟ್ಕೊಂಡಿರೋ ನಮಗೆ ದಿನಕ್ಕೆ ಒಂದೇ ಅಂದ್ರೆ ತಮಾಷೆ ಅನ್ನಿಸಬಹುದು. ನ್ಯೂಯಾರ್ಕ್‌ನ ಜೇಮಿ ಲಿವಿಂಗ್‌ಸ್ಟನ್ 1979ರ ಮಾರ್ಚ್ 31ರಿಂದ ದಿನಕ್ಕೊಂದು ಪೋಲರಾಯ್ಡ್ ಫೋಟೋ ತೆಗೆಯುತ್ತಾ ಹೋದರು. 1997ರ ಅಕ್ಟೋಬರ್ 25ರಂದು, ತಮ್ಮ 41ನೇ ಹುಟ್ಟುಹಬ್ಬದ ದಿನವೇ, ಕ್ಯಾನ್ಸರ್‌ನಿಂದ ತೀರಿಕೊಳ್ಳುವವರೆಗೂ ಬಿಡಲಿಲ್ಲ. ಊಟ, ಗೆಳೆಯರು, ಕೊನೆಗೆ ಆಸ್ಪತ್ರೆ, ಎಲ್ಲವೂ ಅದರಲ್ಲಿದೆ.

ಎರಡು ವರ್ಷದಿಂದ ನಾನೂ ಇದನ್ನೇ ಮಾಡ್ತಿದ್ದೀನಿ. ದಿನಕ್ಕೆ ಒಂದು, ಫಿಲ್ಟರ್ ಇಲ್ಲ, ಡಿಲೀಟ್ ಮಾಡೋ ಹಾಗಿಲ್ಲ. ಶುರುವಲ್ಲಿ ಸೂರ್ಯಾಸ್ತ, ರಸ್ತೆ ಬದಿಯ ಟಬೂಬಿಯಾ ಹೂವು. ಅವೆಲ್ಲ ಮುಗಿದ ಮೇಲೆ ಮನೆಯೇ ಗತಿ: ಅಮ್ಮನ ಕಾಫಿ ಫಿಲ್ಟರ್, ಬಾಗಿಲ ಬಳಿಯ ಚಪ್ಪಲಿ, ಪೇಪರ್ ಓದುವ ಅಪ್ಪ.

ಕಳೆದ ಸೆಪ್ಟೆಂಬರ್‌ನಲ್ಲಿ ಆ ವರ್ಷದ ಫೋಟೋಗಳನ್ನೆಲ್ಲ ಸಾಲಾಗಿ ನೋಡಿದೆ. ಜನವರಿಯಲ್ಲಿ ಅಪ್ಪನಿಗೆ ಸರಿಯಾಗಿ ಕೂತಿದ್ದ ನೀಲಿ ಶರ್ಟು ಆಗಸ್ಟ್‌ನಲ್ಲಿ ಹೆಗಲಿಂದ ಜೋತುಬಿದ್ದಿತ್ತು. ದಿನಾ ಎದುರಿಗೇ ಕೂತು ಊಟ ಮಾಡುವ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ. "ವಯಸ್ಸಾಯ್ತಲ್ಲೋ" ಅಂದ್ರು ಅಪ್ಪ. ಒತ್ತಾಯ ಮಾಡಿ ಟೆಸ್ಟ್ ಮಾಡಿಸಿದ್ವಿ. ಸಕ್ಕರೆ ಕಾಯಿಲೆ. ಈಗ ಮಾತ್ರೆ, ವಾಕಿಂಗ್ ನಡೀತಿದೆ. ಮೈಯೂ ಸ್ವಲ್ಪ ತುಂಬಿಕೊಂಡಿದೆ.

ದಿನಾ ನೋಡುವವರಿಗೆ ನಿಧಾನದ ಬದಲಾವಣೆ ಕಾಣಲ್ಲ, ಸಾಲಾಗಿಟ್ಟ ಫೋಟೋಗಳಲ್ಲಿ ಕಾಣುತ್ತೆ. ನೀವೂ ಇವತ್ತೇ ಒಂದು ತೆಗೀರಿ, ಮನೆಯವರದ್ದೇ ಆಗಲಿ. ತಿಂಗಳಿಗೊಮ್ಮೆ ಹಿಂದಿನದನ್ನೆಲ್ಲ ನೋಡೋದು ಮಾತ್ರ ಮರೀಬೇಡಿ.