ಕಡತ ಕಾಯಬಹುದು, ಮಣ್ಣು ಕಾಯದು

ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಲ್ಲಿ ಊರವರು ‘ಬೂದಿಗುಂಡಿ’ ಎಂದು ಕರೆಯುವ ದಿಬ್ಬವೊಂದಿದೆ. ಹಿಂದೆ ಅಲ್ಲಿನ ಮಣ್ಣನ್ನು ರೈತರು ಹೊಲಗಳಿಗೆ ಸಾಗಿಸುತ್ತಿದ್ದರು. ಮೈಸೂರು ವಿಶ್ವವಿದ್ಯಾಲಯದ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ವಿಭಾಗದ ಪ್ರೊ. ಎಂ.ಎಸ್. ಕೃಷ್ಣಮೂರ್ತಿ ಅವರ ನೇತೃತ್ವದಲ್ಲಿ 2001 ಮತ್ತು 2004ರಲ್ಲಿ ಉತ್ಖನನ ನಡೆದಾಗ ಆ ಮಣ್ಣಿನಡಿಯಲ್ಲಿ ಬೌದ್ಧ ಚೈತ್ಯ ಮತ್ತು ವಿಹಾರಗಳ ಅಡಿಪಾಯ ಕಾಣಿಸಿಕೊಂಡಿತು. ಭಕ್ತರು ಹರಕೆಯಾಗಿ ಅರ್ಪಿಸಿದ್ದ ಜೇಡಿಮಣ್ಣಿನ ಪುಟ್ಟ ಸ್ತೂಪಗಳು, ಬರಹವುಳ್ಳ ಮಣ್ಣಿನ ಮುದ್ರಿಕೆಗಳು ದೊರೆತವು. ಬೌದ್ಧ ನೆಲೆಗಳೆಂದರೆ ಸನ್ನತಿಯತ್ತ, ಬನವಾಸಿಯತ್ತ ಮುಖ ಮಾಡುತ್ತಿದ್ದ ಕರ್ನಾಟಕದ ಇತಿಹಾಸಕಾರರು ಬೆಂಗಳೂರಿನ ಹಿತ್ತಲನ್ನೂ ಗಮನಿಸಬೇಕಾಯಿತು.

ಈ ಶೋಧದ ಮಹತ್ವವನ್ನು ಬಲ್ಲವರು ಬರೆದಿದ್ದಾರೆ. ಇಲ್ಲಿ ಎತ್ತಬೇಕಾಗಿರುವುದು ಅದಕ್ಕಿಂತ ಶುಷ್ಕವೆನಿಸುವ, ಆದರೆ ಅಷ್ಟೇ ಮುಖ್ಯವಾದ ಪ್ರಶ್ನೆ. ಇಂದು ನಮ್ಮ ವಿಶ್ವವಿದ್ಯಾಲಯವೊಂದರ ಅಧ್ಯಾಪಕರಿಗೆ ಇಂಥದೇ ಇನ್ನೊಂದು ದಿಬ್ಬ ಕಣ್ಣಿಗೆ ಬಿದ್ದರೆ, ಮೊದಲ ಗುದ್ದಲಿ ನೆಲಕ್ಕೆ ತಾಗುವ ಮುನ್ನ ಎಷ್ಟು ಮೇಜುಗಳನ್ನು ದಾಟಬೇಕಾಗುತ್ತದೆ?

1958ರ ಪ್ರಾಚೀನ ಸ್ಮಾರಕಗಳು ಹಾಗೂ ಪುರಾತತ್ವ ನಿವೇಶನಗಳು ಮತ್ತು ಅವಶೇಷಗಳ ಕಾಯ್ದೆಯ ಪ್ರಕಾರ, ಸಂರಕ್ಷಿತವಲ್ಲದ ನೆಲದಲ್ಲಿ ರಾಜ್ಯ ಸರ್ಕಾರವೇ ಉತ್ಖನನ ನಡೆಸಬೇಕೆಂದರೂ ಕೇಂದ್ರದ ಪೂರ್ವಾನುಮತಿ ಬೇಕು. ವಿಶ್ವವಿದ್ಯಾಲಯದ ಅರ್ಜಿ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಮಹಾನಿರ್ದೇಶಕರ ಕಚೇರಿಗೆ ಹೋಗುತ್ತದೆ. ಕೇಂದ್ರ ಪುರಾತತ್ವ ಸಲಹಾ ಮಂಡಳಿಯ ಸ್ಥಾಯಿ ಸಮಿತಿ ಅದನ್ನು ಪರಿಶೀಲಿಸುತ್ತದೆ. ದೊರೆಯುವ ಅನುಮತಿ ಸಾಮಾನ್ಯವಾಗಿ ಒಂದು ಕ್ಷೇತ್ರಋತುವಿಗೆ ಸೀಮಿತ. ಅಕ್ಟೋಬರಿನಲ್ಲಿ ಆರಂಭವಾಗುವ ಆ ಋತುವಿನಲ್ಲಿ ನಮ್ಮ ಬಯಲುಸೀಮೆಯಲ್ಲಿ ನಿಜವಾಗಿ ಅಗೆಯಲು ಸಾಧ್ಯವಿರುವುದು ಹಿಂಗಾರು ನಿಂತ ಮೇಲೆ, ಮುಂಗಾರು ಬರುವ ಮೊದಲು. ಅಂದರೆ ಐದಾರು ತಿಂಗಳು ಮಾತ್ರ.

ಈ ಕಾನೂನನ್ನು ದೂರುವುದು ಈ ಲೇಖನದ ಉದ್ದೇಶವಲ್ಲ. ಉತ್ಖನನವೆಂದರೆ ಒಂದು ಬಗೆಯ ನಾಶವೂ ಹೌದು. ಒಮ್ಮೆ ಅಗೆದ ಪದರವನ್ನು ಮತ್ತೊಮ್ಮೆ ಅಗೆಯಲಾಗದು. ಅನನುಭವಿಗಳು ನಿಧಿ ಹುಡುಕುವಂತೆ ನೆಲ ಬಗೆದರೆ ಉಳಿಯುವುದು ಗುಂಡಿಯೊಂದೇ. ಆದುದರಿಂದ ತಜ್ಞರ ಪರಿಶೀಲನೆ ಬೇಕು, ಲೆಕ್ಕಪತ್ರ ಬೇಕು, ಭೂಮಾಲೀಕರಿಗೆ ಪರಿಹಾರವೂ ಬೇಕು. ತೊಡಕಿರುವುದು ಪರಿಶೀಲನೆಯಲ್ಲಲ್ಲ, ಅನುಮತಿ, ಹಣ ಮತ್ತು ಋತು ಈ ಮೂರೂ ಬೇರೆ ಬೇರೆ ಪಂಚಾಂಗಗಳನ್ನು ಅನುಸರಿಸುವುದರಲ್ಲಿ.

ಈ ಲೇಖಕ ಹತ್ತಿರದಿಂದ ಕಂಡ ಒಂದು ಪ್ರಸಂಗವನ್ನು ಹೇಳುವುದಾದರೆ, ವಿಶ್ವವಿದ್ಯಾಲಯವೊಂದರ ಅಧ್ಯಾಪಕರೊಬ್ಬರ ಯೋಜನೆಗೆ ಜನವರಿಯಲ್ಲಿ ಮಂಜೂರಾತಿ ಪತ್ರ ಬಂತು. ವಿಭಾಗದ ಮುಖ್ಯಸ್ಥರ ಟಿಪ್ಪಣಿಯೊಂದಿಗೆ ಕಡತ ಕುಲಸಚಿವರ ಕಚೇರಿಗೆ ಹೋಯಿತು. ಅಲ್ಲಿಂದ ಹಣಕಾಸು ಅಧಿಕಾರಿಗಳ ಮೇಜಿಗೆ ಬಂದು, ಯೋಜನೆಗೆ ಪ್ರತ್ಯೇಕ ಖಾತೆ ಬೇಕೇ ಎಂಬ ಪ್ರಶ್ನೆಯೊಂದಿಗೆ ಹಿಂದಿರುಗಿತು. ದಿನಗೂಲಿಯವರಿಗೆ ನಗದು ಕೊಡಬಹುದೇ, ಟಾರ್ಪಾಲಿಗೂ ಮೂರು ದರಪಟ್ಟಿ ತರಿಸಬೇಕೇ ಎಂಬ ಸ್ಪಷ್ಟೀಕರಣಗಳು ಮುಗಿಯುವ ಹೊತ್ತಿಗೆ ಆರ್ಥಿಕ ವರ್ಷ ಮುಗಿದಿತ್ತು. ಮುಂಗಡ ಕೈಸೇರಿದ್ದು ಮೇ ತಿಂಗಳಿನಲ್ಲಿ. ಜೂನ್ ಮೊದಲ ವಾರದಲ್ಲಿ ಮಳೆ ಹಿಡಿಯಿತು. ಇದರಲ್ಲಿ ಯಾರೂ ತಪ್ಪು ಮಾಡಿರಲಿಲ್ಲ. ಪ್ರತಿಯೊಬ್ಬರೂ ನಿಯಮವನ್ನೇ ಪಾಲಿಸಿದ್ದರು. ವರ್ಷವೊಂದು ಮಾತ್ರ ಕಳೆದುಹೋಗಿತ್ತು. ಹಣ ಬಳಕೆಯಾಗದ ಕಾರಣವನ್ನು ವಿವರಿಸುವ ಪತ್ರವನ್ನೂ ಆ ಅಧ್ಯಾಪಕರೇ ಬರೆಯಬೇಕಾಯಿತು.

ಹಣದ ಮೂಲಗಳಾದರೂ ಎಷ್ಟಿವೆ? ಮಾನವಿಕ ವಿಭಾಗಗಳ ಅಧ್ಯಾಪಕರಿಗೆ ಒಂದು ಕಾಲದಲ್ಲಿ ಯುಜಿಸಿಯ ಬೃಹತ್ ಮತ್ತು ಕಿರು ಸಂಶೋಧನಾ ಯೋಜನೆಗಳೇ ಆಸರೆಯಾಗಿದ್ದವು. ಆ ಬಾಗಿಲು ಮುಚ್ಚಿದೆ. 2023ರ ಕಾಯ್ದೆಯಂತೆ ಸ್ಥಾಪನೆಯಾದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವು ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿಗಳ ಮಾತನಾಡುತ್ತದೆ. ಆದರೆ ಅದರಲ್ಲಿ 36,000 ಕೋಟಿ ಸರ್ಕಾರೇತರ ಮೂಲಗಳಿಂದ ಬರಬೇಕೆಂಬುದು ಲೆಕ್ಕಾಚಾರ. ಮಾನವಿಕ ಮತ್ತು ಸಮಾಜ ವಿಜ್ಞಾನಗಳಿಗೆ ಅಲ್ಲಿ ಪ್ರವೇಶ ದೊರೆಯುವುದು, ಅವು ವಿಜ್ಞಾನ ತಂತ್ರಜ್ಞಾನಗಳೊಡನೆ ಸಂಧಿಸುವ ಅಂಚಿನಲ್ಲಿ ಮಾತ್ರ. ಸೆಮಿಕಂಡಕ್ಟರಿಗೆ ಹಣ ಹೂಡುವ ಉದ್ಯಮಿ ಬೂದಿಗುಂಡಿಯ ಹರಕೆ ಸ್ತೂಪಗಳಿಗೂ ಹೂಡಿಯಾನೆಂದು ನಂಬುವುದು ಕಷ್ಟ.

ನಿಯಮಗಳನ್ನು ಬದಲಿಸಲಾಗದು ಎಂಬ ವಾದವೂ ನಿಲ್ಲುವುದಿಲ್ಲ. 2024ರಲ್ಲಿ ಸಂಶೋಧನಾ ಅನುದಾನಗಳ ಮೇಲೆ ಜಿಎಸ್‌ಟಿ ಕೇಳಿ ಪ್ರಮುಖ ಸಂಸ್ಥೆಗಳಿಗೆ ನೋಟಿಸು ಹೋದಾಗ ಪ್ರತಿಭಟನೆ ಎದ್ದಿತು. ಅದೇ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ವಿನಾಯಿತಿಗೆ ಶಿಫಾರಸು ಮಾಡಿತು. 2025ರ ಜೂನ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯವು ವೈಜ್ಞಾನಿಕ ಉಪಕರಣಗಳ ಖರೀದಿ ನಿಯಮಗಳನ್ನು ಸಡಿಲಿಸಿ, ದರಪಟ್ಟಿಯಿಲ್ಲದೆ ಕೊಳ್ಳುವ ಮಿತಿಯನ್ನು ಒಂದು ಲಕ್ಷದಿಂದ ಎರಡು ಲಕ್ಷ ರೂಪಾಯಿಗೆ ಏರಿಸಿತು. ಪ್ರಯೋಗಾಲಯಗಳ ದೊಡ್ಡ ದನಿಗೆ ದೊರೆತ ಈ ಕಿವಿ, ಹೊಲದ ನಡುವೆ ಡೇರೆ ಹಾಕಿ ಕೂತ ವಿದ್ವಾಂಸನ ಸಣ್ಣ ದನಿಗೂ ದೊರೆಯಬೇಕು.

ಇನ್ನೊಂದು ನ್ಯೂನತೆ ಇದಕ್ಕಿಂತ ಗಂಭೀರವಾದುದು. ನಮ್ಮ ಅನುದಾನಗಳು ಅಗೆತಕ್ಕೆ ದೊರೆಯುತ್ತವೆ, ಅಗೆದ ಮೇಲಿನ ಕೆಲಸಕ್ಕೆ ಹೆಚ್ಚಾಗಿ ದೊರೆಯುವುದಿಲ್ಲ. ಮಡಕೆಯ ಚೂರುಗಳನ್ನು ತೊಳೆದು, ವರ್ಗೀಕರಿಸಿ, ಚಿತ್ರ ಬರೆದು, ಕಾಲನಿರ್ಣಯ ಮಾಡಿಸಿ ವರದಿ ಸಿದ್ಧಪಡಿಸಲು ಅಗೆದದ್ದಕ್ಕಿಂತ ಹೆಚ್ಚು ಕಾಲ ಬೇಕು. ಅಷ್ಟರೊಳಗೆ ಯೋಜನೆಯ ಅವಧಿ ಮುಗಿದಿರುತ್ತದೆ, ಸಹಾಯಕರು ಬೇರೆ ಕೆಲಸ ಹಿಡಿದಿರುತ್ತಾರೆ, ಪ್ರಾಧ್ಯಾಪಕರು ನಿವೃತ್ತರಾಗಿರುತ್ತಾರೆ. ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ ‘ರಾಯ ಅಸೋಕೊ’ ಎಂಬ ಬರಹದೊಂದಿಗೆ ಅಶೋಕನ ಶಿಲ್ಪ ದೊರೆತದ್ದು 1990ರ ದಶಕದಲ್ಲಿ ಕೇಂದ್ರ ಇಲಾಖೆಯೇ ಆರಂಭಿಸಿದ ಉತ್ಖನನದಲ್ಲಿ. ಅದರ ಸಮಗ್ರ ವರದಿಗೆ ಓದುಗರು ಒಂದು ದಶಕಕ್ಕೂ ಮೀರಿ ಕಾಯಬೇಕಾಯಿತು. ಬಿಸಿಲು ಮಳೆಗೆ ಬಿದ್ದಿದ್ದ ಆ ಶಿಲ್ಪಫಲಕಗಳ ಜೀರ್ಣೋದ್ಧಾರದ ಸುದ್ದಿ ಬಂದದ್ದು ಎರಡು ದಶಕಗಳ ಬಳಿಕ. ಕೇಂದ್ರದ ಇಲಾಖೆಗೇ ಈ ಗತಿಯಾದರೆ ಹಳ್ಳಿಯ ದಿಬ್ಬವೊಂದನ್ನು ಅಗೆಯುವ ವಿಶ್ವವಿದ್ಯಾಲಯದ ವಿಭಾಗದ ಪಾಡೇನು?

ನಮ್ಮಲ್ಲಿ ಎಂದೂ ಹೀಗೇ ಇತ್ತೆಂದು ಹೇಳುವಂತಿಲ್ಲ. ಹಳೆಯ ಮೈಸೂರು ಸಂಸ್ಥಾನದಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರೂ ಪುರಾತತ್ವ ಇಲಾಖೆಯ ನಿರ್ದೇಶಕರೂ ಆಗಿದ್ದರು. 1929ರಲ್ಲಿ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅವರು ಉತ್ಖನನ ನಡೆಸಿದಾಗ ಪಾಠದ ಕೋಣೆ, ಇಲಾಖೆ ಮತ್ತು ಅಗೆತದ ಕಂದಕ ಒಂದೇ ದಾರಿಯ ಮೇಲಿದ್ದವು. ಇಲಾಖೆಯ ವಾರ್ಷಿಕ ವರದಿಗಳು ಕಂಡದ್ದನ್ನು ದಾಖಲಿಸುತ್ತಿದ್ದವು. ಆ ಏರ್ಪಾಡನ್ನು ಇಂದು ಹಾಗೆಯೇ ತರಲಾಗದು, ತರಬೇಕಾಗಿಯೂ ಇಲ್ಲ. ಆದರೆ ನೆರೆಯ ತಮಿಳುನಾಡನ್ನು ನೋಡಬಹುದು. ಕೀಳಡಿಯಲ್ಲಿ ಕೇಂದ್ರ ಇಲಾಖೆ ಆರಂಭಿಸಿದ ಉತ್ಖನನವನ್ನು 2018ರಿಂದ ಅಲ್ಲಿನ ರಾಜ್ಯ ಇಲಾಖೆ ಋತುವಿನಿಂದ ಋತುವಿಗೆ ಮುಂದುವರಿಸಿತು; ಉತ್ಖನನಕ್ಕೆಂದೇ ಬಜೆಟ್ಟಿನಲ್ಲಿ ಕೋಟಿಗಳ ಲೆಕ್ಕದಲ್ಲಿ ಹಣ ತೆಗೆದಿರಿಸಿತು. ಅಲ್ಲಿನ ತೀರ್ಮಾನಗಳ ಬಗ್ಗೆ ವಾದವಿವಾದ ಇರಬಹುದು. ವಾದಿಸಲು ಸಾಮಗ್ರಿಯಾದರೂ ಇದೆ.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದಾಗಿ, ಹೊರಗಿನ ಸಂಸ್ಥೆಯೊಂದು ಮಂಜೂರು ಮಾಡಿದ ಯೋಜನೆಗೆ ವಿಶ್ವವಿದ್ಯಾಲಯದೊಳಗಿನ ಒಪ್ಪಿಗೆ ಇಂತಿಷ್ಟು ದಿನಗಳಲ್ಲಿ ದೊರೆಯಬೇಕು; ಆಕ್ಷೇಪಣೆಗಳಿದ್ದರೆ ಎಲ್ಲವನ್ನೂ ಒಂದೇ ಬಾರಿಗೆ ಬರೆದು ತಿಳಿಸಬೇಕು. ಗಡುವು ಮೀರಿದರೆ ಯೋಜನೆಯ ಮುಖ್ಯ ಸಂಶೋಧಕರು ನಿಗದಿತ ಮಿತಿಯೊಳಗೆ ಖರ್ಚು ಮಾಡುವ ಅಧಿಕಾರ ಪಡೆಯಬೇಕು. ಲೆಕ್ಕಪರಿಶೋಧನೆ ಹೇಗೂ ಇದ್ದೇ ಇದೆ. ಎರಡನೆಯದಾಗಿ, ಕ್ಷೇತ್ರಕಾರ್ಯದ ಯೋಜನೆಗಳಿಗೆ ಹಣ ಮಾರ್ಚಿಗೆ ಸತ್ತುಹೋಗಬಾರದು, ಋತುವಿನೊಂದಿಗೆ ಮುಂದುವರಿಯಬೇಕು. ಮೂರನೆಯದಾಗಿ, ಪ್ರತಿ ಉತ್ಖನನದ ಅನುದಾನದಲ್ಲಿ ವರದಿಗೂ ಸಂರಕ್ಷಣೆಗೂ ಪಾಲನ್ನು ಮೊದಲೇ ಕಟ್ಟಿಡಬೇಕು. ಅದನ್ನು ಬೇರಾವುದಕ್ಕೂ ಬಳಸುವಂತಿರಬಾರದು. ರಾಜ್ಯ ಸರ್ಕಾರ ತನ್ನ ಪುರಾತತ್ವ ಇಲಾಖೆಯ ಮೂಲಕ ವಿಶ್ವವಿದ್ಯಾಲಯಗಳಿಗೆಂದೇ ಒಂದು ಸಣ್ಣ ಉತ್ಖನನ ನಿಧಿಯನ್ನು ಸ್ಥಾಪಿಸಿದರೆ ಬೊಕ್ಕಸ ಬರಿದಾಗದು.

ಇದಕ್ಕೆ ತುರ್ತು ಏಕೆಂದು ಕೇಳುವವರು ಒಮ್ಮೆ ದೊಡ್ಡಬಳ್ಳಾಪುರದ ಸುತ್ತ ಸಂಚರಿಸಿ ಬರಬೇಕು. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಬಂತು. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ಮೂಲಕ ಹೊಸಕೋಟೆಗೆ ಸಾಗುವ ಉಪನಗರ ವರ್ತುಲ ರಸ್ತೆಯ ಭಾಗ 2024ರಲ್ಲಿ ಉದ್ಘಾಟನೆಯಾಯಿತು. ಗುಂಟೆಯ ಲೆಕ್ಕದಲ್ಲಿದ್ದ ನೆಲ ಚದರಡಿಯ ಲೆಕ್ಕಕ್ಕೆ ಬಂದಿದೆ. ಹಿಂದೆ ಗುದ್ದಲಿಯಲ್ಲಿ ವರ್ಷಗಟ್ಟಲೆ ಕರಗುತ್ತಿದ್ದ ದಿಬ್ಬವನ್ನು ಜೆಸಿಬಿ ಈಗ ಒಂದು ಮಧ್ಯಾಹ್ನದಲ್ಲಿ ಮಟ್ಟಸ ಮಾಡುತ್ತದೆ. ಅದಕ್ಕೆ ಯಾವ ಸ್ಥಾಯಿ ಸಮಿತಿಯ ಅನುಮತಿಯೂ ಬೇಕೆನಿಸುವುದಿಲ್ಲ.

ಬೂದಿಗುಂಡಿಯ ಮಣ್ಣನ್ನು ಹೊಲಕ್ಕೆ ಹೊತ್ತ ರೈತರಿಗೆ ಅದರೊಳಗೆ ಏನಿದೆಯೆಂದು ತಿಳಿದಿರಲಿಲ್ಲ, ಅವರನ್ನು ದೂಷಿಸಲಾಗದು. ತಿಳಿದೂ ಕಡತ ಹಿಡಿದು ಕೂತ ನಮ್ಮ ಸಂಸ್ಥೆಗಳಿಗೆ ಆ ಸಮಾಧಾನವೂ ಇಲ್ಲ.